ಮಕ್ಕಳೇ ಕೈಲೆಕ್ಕದಲ್ಲಿ ಸಾಧಿಸಬಹುದಾದ ದೊಡ್ಡ ಅವಿಭಾಜ್ಯ ಸಂಖ್ಯೆ ಯಾವುದು?

ಗಣಿತ ಟೀಚರ್, ಕುಷ್ಟಗಿ ತಾಲ್ಲೂಕು

ಎಲ್ಲಾರಿಗೂ ನಮಸ್ಕಾರ್ರಿ. ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯೊಳಗ ಗಣಿತ ಕಲಿಸ್ತೀನಿ. ಹತ್ತನೇ ಕ್ಲಾಸಿನೊಳಗ 43 ಮಕ್ಕಳದಾರ. ಡಿಸೆಂಬರ್ 22ಕ್ಕ ರಾಮಾನುಜನ್ ಜನ್ಮದಿನ, ರಾಷ್ಟ್ರೀಯ ಗಣಿತ ದಿನ. ಪ್ರತಿ ವರ್ಷ ಚಾರ್ಟ್ ಬರಸ್ತೀವಿ, ಗ್ವಾಡಿಗೆ ಹಚ್ತೀವಿ, ಒಂದಿಬ್ಬರು ಭಾಷಣ ಮಾಡ್ತಾರ, ಮುಗೀತು.

ಹೋದ ವರ್ಷ "ಜಗತ್ತಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ" ಅಂತ ಒಂದು ಚಾರ್ಟ್ ಹಚ್ಚಿದ್ವಿ. ಒಬ್ಬಾಕಿ ಹುಡುಗಿ ಅದರ ಮುಂದ ಭಾಳ ಹೊತ್ತು ನಿಂತು ಕೇಳಿದಳು: "ಟೀಚರ್, ಇದನ್ನ ಯಾರಾರ ಭಾಗಾಕಾರ ಮಾಡಿ ನೋಡ್ಯಾರೇನ್ರಿ?" ಕಂಪ್ಯೂಟರ್ ನೋಡೇತಿ ಅಂದೆ. "ಹಂಗಂದ್ರ ನಾವು ಸುಮ್ನ ನಂಬಬೇಕಷ್ಟ ಅಲ್ರಿ?" ಅಂದಳು.

ಆಕಿ ಕೇಳಿದ್ದು ನನಗ ನೂರಕ್ಕ ನೂರು ಸರಿ ಅನಿಸೇತಿ. ಹತ್ತನೇ ಕ್ಲಾಸಿನ ಮೊದಲನೇ ಪಾಠದೊಳಗ ಅಂಕಗಣಿತದ ಮೂಲಪ್ರಮೇಯ ಬರತೈತಿ, √2 ಅಭಾಗಲಬ್ಧ ಅಂತ ಸಾಧಿಸ್ತೀವಿ. "ಯಾರೋ ಹೇಳ್ಯಾರ" ಅನ್ನೂದು ಸಾಧನೆ ಅಲ್ಲ ಅಂತ ನಾನೇ ಬೋರ್ಡ್ ಮ್ಯಾಲ ಬರದು ಕಲಿಸಿ, ಚಾರ್ಟಿನೊಳಗ ಮಾತ್ರ ನಂಬ್ರಿ ಅನ್ನೂದು ಹೆಂಗ?

ಅದಕ್ಕ ಈ ವರ್ಷ ಚಾರ್ಟ್ ಬ್ಯಾಡ. ಒಂದು ದೊಡ್ಡ ಅವಿಭಾಜ್ಯ ಸಂಖ್ಯೆ ತಗೊಂಡು ಮಕ್ಕಳೇ ಪೆನ್ನು ಹಾಳಿ ಹಿಡಕೊಂಡು ಸಾಧಿಸಬೇಕು. ನೋಡಿದ ಕೂಡಲೇ ದೊಡ್ಡದು ಅನಿಸಬೇಕು, ಅಂದ್ರ ಕೋಟಿ ದಾಟಿರಬೇಕು. ಮಕ್ಕಳಿಗೆ ಗೊತ್ತಿರೂದು ವರ್ಗಮೂಲದ ತನಕ ಭಾಗಿಸಿ ನೋಡೂದು ಒಂದೇ ದಾರಿ. ಹತ್ತಂಕಿ ಸಂಖ್ಯೆ ತಗೊಂಡ್ರ ವರ್ಗಮೂಲ ಐದಂಕಿಗೆ ಹೋಗತೈತಿ, ಅಷ್ಟರೊಳಗ ಸಾವಿರಾರು ಅವಿಭಾಜ್ಯ ಸಂಖ್ಯೆ ಬರತಾವ, ಅದು ಆಗೂದಿಲ್ಲ. ಇನ್ನೊಂದು ಮಾತು: ನಮ್ಮ ಕಡೆ ಈಗ ಹತ್ತಿ ಬಿಡಿಸೂ ಟೈಮು. ಒಂದೊಂದು ದಿನ ಅರ್ಧ ಕ್ಲಾಸು ಹೊಲದಾಗ ಇರತೈತಿ. ಬಂದವರು ಬಂದಷ್ಟು ಮಾಡಿ ಉಳಿದದ್ದು ನಾಳೆಗೆ ಇಡೂ ಹಂಗ ತುಂಡು ತುಂಡಾಗಿರಬೇಕು.

ಅಂಥಾ ಸಂಖ್ಯೆ ಯಾವುದಾರ ಐತೇನ್ರಿ?

ಲ್ಯಾಬ್ ಹುಡುಗ, ಬಳ್ಳಾರಿ

ಮೇಡಂ, ನಾನು ಬಳ್ಳಾರಿಯಲ್ಲಿ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡ್ಕೊಳ್ತೀನಿ. ದೊಡ್ಡ ಪ್ರೈಮ್ ನಂಬರ್ ಅಂದ್ರೆ ನನಗೆ ಹುಚ್ಚು, ಅದಕ್ಕೇ ಬರೀತಿದೀನಿ.

ಚಾರ್ಟಿನಲ್ಲಿ ಹಾಕಿದ್ದು 2¹³⁶²⁷⁹⁸⁴¹ − 1 ಇರಬೇಕು. ಈಗ ಗೊತ್ತಿರೋ ಪೈಕಿ ಅದೇ ದೊಡ್ಡದು. 2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಅನ್ನೋರು ಗಿಂಪ್ಸ್ ಅನ್ನೋ ಯೋಜನೆ ಮೂಲಕ ಹುಡುಕಿದ್ದು. 1996ರಿಂದ ಜಗತ್ತಿನ ಎಷ್ಟೋ ಮಂದಿ ತಮ್ಮ ಕಂಪ್ಯೂಟರ್ ಬಿಟ್ಟುಕೊಟ್ಟು ನಡೆಸ್ತಿರೋ ಹುಡುಕಾಟ ಅದು. ಈ ಸಲ ಗ್ರಾಫಿಕ್ಸ್ ಕಾರ್ಡ್‌ಗಳ ಮೇಲೆ ಸಿಕ್ತು. ಅದರಲ್ಲಿ 4,10,24,320 ಅಂಕಿ ಇವೆ. ಒಂದು ಪುಟಕ್ಕೆ 3,000 ಅಂಕಿ ಹಿಡಿಸಿದ್ರೂ 13,675 ಪುಟ ಆಗುತ್ತೆ.

ಅದು ಅವಿಭಾಜ್ಯ ಅಂತ ನಿಮ್ಮ ಮಕ್ಕಳು ಸಾಧಿಸೋಕೆ ಆಗಲ್ಲ, ಒಪ್ತೀನಿ. ಆದ್ರೆ ಅದರ ಒಂದು ಗುಣ ಖಂಡಿತ ಸಾಧಿಸಬಹುದು. ಕೊನೇ ಎರಡು ಅಂಕಿ ಯಾವುವು ಅಂತ ಕೇಳಿ. 2ರ ಘಾತಗಳ ಕೊನೇ ಎರಡಂಕಿ ಬರೀತಾ ಹೋದ್ರೆ 04, 08, 16, 32, 64, 28, 56... ಹೀಗೆ ಇಪ್ಪತ್ತು ಹೆಜ್ಜೆಗೆ ಮತ್ತೆ 04ಕ್ಕೆ ಬರುತ್ತೆ. ಘಾತಸೂಚಿ 136279841ನ್ನ 20ರಿಂದ ಭಾಗಿಸಿದ್ರೆ ಶೇಷ 1. ಅಂದ್ರೆ 2²¹ಕ್ಕೆ ಇರೋ ಬಾಲವೇ ಇದಕ್ಕೂ. 2²¹ ಅಂದ್ರೆ 20,97,152. ಕೊನೆಗೆ 52, ಒಂದು ಕಳೆದ್ರೆ 51. ನಾಲ್ಕು ಕೋಟಿ ಅಂಕಿ ಇರೋ ಸಂಖ್ಯೆಯ ಬಾಲ 51 ಅಂತ ಹಳ್ಳೀಲಿ ಕೂತ ಹುಡುಗಿ ಯಾರನ್ನೂ ನಂಬದೇ ಹೇಳಬಹುದು. ಇದನ್ನಾದ್ರೂ ಮಾಡ್ಸಿ ಮೇಡಂ.

ಟ್ಯೂಷನ್ ಅಣ್ಣ, ಸಿಂಧನೂರು

73939133 ನೋಡ್ರಿ ಮೇಡಂ. ಏಳು ಕೋಟಿ ದಾಟೈತಿ. ಬಲಗಡೆಯಿಂದ ಒಂದೊಂದೇ ಅಂಕಿ ಅಳಿಸ್ರಿ: 7393913, 739391, 73939, 7393, 739, 73, 7. ಎಲ್ಲಾನೂ ಅವಿಭಾಜ್ಯ. ಹತ್ತರ ಪದ್ಧತಿಯೊಳಗ ಇಂಥಾ ಸಂಖ್ಯೆ ಒಟ್ಟು 83 ಇದಾವು, ಅದ್ರಾಗ ಇದೇ ದೊಡ್ಡದು. ಮಕ್ಕಳಿಗೆ ಬೋರ್ಡ್ ಮ್ಯಾಲ ಅಳಿಸ್ತಾ ತೋರಿಸಿದ್ರ ಭಾಳ ಖುಷಿ ಆಗ್ತಾರ, ನಾನು ಮಾಡಿ ನೋಡೀನಿ.

73939ರ ತನಕ ಕೈಲೇ ಆಗತೈತಿ. ವರ್ಗಮೂಲ 271ರ ಮ್ಯಾಲ ಚೂರು, 271ರ ತನಕ ಇರೋ ಅವಿಭಾಜ್ಯ ಸಂಖ್ಯೆ 58 ಮಾತ್ರ. ಅದರಾಚೆ ಮೂರು ಸಂಖ್ಯೆಗೆ ಕೈಲೆಕ್ಕ ಕಷ್ಟ. ಅಷ್ಟಕ್ಕ ಕಂಪ್ಯೂಟರ್ ಹಚ್ಚಬೇಕಾಗತೈತಿ.

ಓದುಗ, ಗಂಗಾವತಿ

ಸಾಲಾಗಿ ಹತ್ತೊಂಬತ್ತು ಒಂದು ಬರೀರಿ: 1111111111111111111. ಅದೂ ಅವಿಭಾಜ್ಯನೇ. ಸಾಧಿಸೋದು ನನಗೂ ಬರಲ್ರಿ, ಆದ್ರ ನೆನಪಿಡೋಕೆ ಇದಕ್ಕಿಂತ ಸಸಾರದ್ದು ಇಲ್ಲ.

ನಿವೃತ್ತ ಉಪನ್ಯಾಸಕ, ರಾಯಚೂರು

ಮೇಡಂ, ನೀವು ಕೇಳಿದಂಥಾ ಸಂಖ್ಯೆ ಅದ. 2³¹ − 1. ಬಿಡಿಸಿ ಬರದ್ರ 2,14,74,83,647. ಇನ್ನೂರ ಹದಿನಾಲ್ಕು ಕೋಟಿ ದಾಟಿದ್ದು. ಕಂಪ್ಯೂಟರ್ ಅನ್ನೋ ಮಾತೇ ಇಲ್ಲದ ಕಾಲಕ್ಕ, 1772ರಾಗ, ಆಯ್ಲರ್ ಅನ್ನೋ ಗಣಿತಜ್ಞ ಇದನ್ನ ಅವಿಭಾಜ್ಯ ಅಂತ ಸಾಧಿಸಿದ. ಅವಾಗ ಆತನಿಗೆ ಅರವತ್ತೈದರ ವಯಸ್ಸು, ಸೇಂಟ್ ಪೀಟರ್ಸ್‌ಬರ್ಗ್‌ದಾಗ ಇದ್ದ, ಕಣ್ಣು ಬಹುತೇಕ ಹೋಗಿದ್ದವು. ಬರ್ನೂಲಿ ಅನ್ನೋ ಗಣಿತಜ್ಞನಿಗೆ ಬರದ ಕಾಗದದಾಗ ಈ ಫಲಿತಾಂಶ ತಿಳಿಸ್ಯಾನ.

ನಿಮ್ಮ ವಿದ್ಯಾರ್ಥಿನಿ ಪ್ರಶ್ನೆಗೂ ಈ ಸಂಖ್ಯೆಗೂ ಹತ್ತಿರದ ಸಂಬಂಧ ಅದ, ಅದನ್ನ ಮೊದಲು ಹೇಳ್ತೀನಿ. ಆಯ್ಲರ್‌ಗಿಂತ ಸುಮಾರು ಎರಡು ಶತಮಾನ ಮೊದಲು, ಇಟಲಿಯ ಕತಾಲ್ದಿ ಅನ್ನಾವ 2¹⁷ − 1 ಮತ್ತು 2¹⁹ − 1 ಎರಡನ್ನೂ ಭಾಗಿಸಿ ಭಾಗಿಸಿ ಅವಿಭಾಜ್ಯ ಅಂತ ತೋರಿಸಿದ. ಅಲ್ಲಿಗೆ ನಿಂತಿದ್ರ ಸರಿ ಇತ್ತು. 23, 29, 31, 37 ಘಾತಗಳಿಗೂ ಹಂಗೇ ಬರ್ತದ ಅಂತ ಹೇಳಿಬಿಟ್ಟ. 23 ಮತ್ತು 37 ತಪ್ಪು ಅಂತ ಫರ್ಮಾ ತೋರಿಸಿದ, 29 ತಪ್ಪು ಅಂತ ಆಯ್ಲರ್ ತೋರಿಸಿದ. ಉಳಿದದ್ದು 31 ಒಂದೇ. 1644ರಾಗ ಫ್ರಾನ್ಸಿನ ಮರ್ಸೆನ್ ಅನ್ನಾವ ಇಂಥಾ ಘಾತಗಳದ್ದೇ ಬರದ ಪಟ್ಟಿಯೊಳಗೂ 31 ಇತ್ತು, ಜೋಡಿ 67 ಮತ್ತು 257 ಅಂತ ಎರಡು ತಪ್ಪೂ ಇದ್ದವು. ಅಂದ್ರ ನೂರೆಂಬತ್ತು ವರ್ಷ ಮಂದಿ 31ರ ಬಗ್ಗೆ ಹೇಳಿದ್ದು ಖರೇನೇ ಇತ್ತು, ಆದ್ರ ಯಾರಿಗೂ ಗೊತ್ತಿರಲಿಲ್ಲ. ನಿಮ್ಮ ಹುಡುಗಿ ಆ ಕಾಲದಾಗ ಇದ್ದಿದ್ರ ಮರ್ಸೆನ್‌ಗೂ ಅದೇ ಪ್ರಶ್ನೆ ಕೇಳ್ತಿದ್ದಳು.

ಈಗ ಲೆಕ್ಕಕ್ಕ ಬರೋಣ. 46340ರ ವರ್ಗ 2147395600. 46341ರ ವರ್ಗ 2147488281, ನಮ್ಮ ಸಂಖ್ಯೆ ದಾಟಿತು. ಹಂಗಾಗಿ 46340ರ ತನಕ ನೋಡಿದ್ರ ಸಾಕು. ಆದ್ರ ಅಲ್ಲಿತನಕ ಅವಿಭಾಜ್ಯ ಸಂಖ್ಯೆಗಳು ನಾಲ್ಕೂವರೆ ಸಾವಿರಕ್ಕಿಂತ ಹೆಚ್ಚು ಇದಾವ. ಇಲ್ಲೇ ಆಯ್ಲರ್‌ನ ಜಾಣತನ ಇರೋದು. 2³¹ − 1ನ್ನ ಭಾಗಿಸೋ ಅವಿಭಾಜ್ಯ ಸಂಖ್ಯೆ ಯಾವುದೇ ಇರಲಿ, ಅದನ್ನ 62ರಿಂದ ಭಾಗಿಸಿದ್ರ ಶೇಷ 1 ಬರಲೇಬೇಕು. ಉಳಿದವು ಯಾವೂ ಭಾಗಿಸೋಕೆ ಸಾಧ್ಯನೇ ಇಲ್ಲ, ಪ್ರಯತ್ನ ಸಹ ಮಾಡಬೇಕಾಗಿಲ್ಲ.

ಯಾಕ ಅಂತ ಮಕ್ಕಳಿಗೆ ತಿಳಿಸಲಿಕ್ಕೆ ಒಂದು ಆಟ ಹೇಳ್ತೀನಿ. ಕಾಲೇಜಿನಾಗ ನಾನು ಇದನ್ನ ಬೋರ್ಡ್ ಮ್ಯಾಲೇ ಮಾಡ್ತಿದ್ದೆ, ನಿಮಗ ಅಂಗಳ ಅದ, ಅಂಗಳದಾಗ ಮಾಡ್ರಿ. ಮೊದಲು ಸಣ್ಣದು ತಗೋರಿ: 2¹¹ − 1 = 2047 = 23 × 89. 22 ಮಕ್ಕಳಿಗೆ 1ರಿಂದ 22ರ ತನಕ ಚೀಟಿ ಕೊಡ್ರಿ. ಪ್ರತಿಯೊಬ್ಬರೂ ತಮ್ಮ ಸಂಖ್ಯೆಯ ಎರಡರಷ್ಟು ಯಾರ ಹತ್ರ ಅದನೋ ಅವರ ಹೆಗಲ ಮ್ಯಾಲ ಬಲಗೈ ಇಡಬೇಕು. ಎರಡರಷ್ಟು 23 ದಾಟಿದ್ರ 23 ಕಳೀಬೇಕು. 1ನೇದವ 2ರ ಮ್ಯಾಲ, 2 ನಾಲ್ಕರ ಮ್ಯಾಲ, 4 ಎಂಟರ ಮ್ಯಾಲ, 8 ಹದಿನಾರರ ಮ್ಯಾಲ. 16ರ ಎರಡರಷ್ಟು 32, 23 ಕಳದ್ರ 9. ಹಿಂಗ 1, 2, 4, 8, 16, 9, 18, 13, 3, 6, 12 ಆಗಿ ಮತ್ತ 1ಕ್ಕ ಬರ್ತದ. ಹನ್ನೊಂದು ಮಕ್ಕಳ ಒಂದು ಸುತ್ತು. ಉಳಿದವರು ತಾವೇ ಇನ್ನೊಂದು ಸುತ್ತು ಕಟ್ಟಿಕೊಂಡಿರ್ತಾರ: 5, 10, 20, 17, 11, 22, 21, 19, 15, 7, 14. ಅದೂ ಹನ್ನೊಂದೇ.

ಎರಡೂ ಸುತ್ತು ಸಮ ಯಾಕ ಬಂತು ಅಂತ ಕೇಳ್ರಿ. ಮೊದಲನೇ ಸುತ್ತಿನ ಪ್ರತಿ ಸಂಖ್ಯೆಯನ್ನ 5ರಿಂದ ಗುಣಿಸಿ 23ರ ಶೇಷ ತಗೊಂಡ್ರ ಎರಡನೇ ಸುತ್ತು ಸಿಗ್ತದ. 23 ಅವಿಭಾಜ್ಯ, ಹಂಗಾಗಿ ಗುಣಿಸಿದ ಮ್ಯಾಲ ಎರಡು ಬೇರೆ ಸಂಖ್ಯೆ ಒಂದೇ ಆಗೋದಿಲ್ಲ. ಅದಕ್ಕೇ ಸುತ್ತುಗಳೆಲ್ಲ ಒಂದೇ ಅಳತೆ. 22 ಮಕ್ಕಳು ಹನ್ನೊಂದರ ಸುತ್ತುಗಳಾಗಿ ಪೂರ್ತಿ ಹಂಚಿಹೋದರು, ಒಬ್ಬರೂ ಉಳೀಲಿಲ್ಲ.

ಇದೇ ಮಾತು 31ಕ್ಕೂ. ಕ ಅನ್ನೋ ಅವಿಭಾಜ್ಯ ಸಂಖ್ಯೆ 2³¹ − 1ನ್ನ ಭಾಗಿಸ್ತದ ಅಂತ ಇಟ್ಕೋರಿ. ಅಂದ್ರ 1ರಿಂದ ಸುರು ಮಾಡಿ 31 ಸಲ ಎರಡರಷ್ಟು ಮಾಡಿದ್ರ ಮತ್ತ 1ಕ್ಕ ಬರ್ತೀವಿ. ಅದಕ್ಕಿಂತ ಮೊದಲೇ ಬರಬಹುದಾ? ಬಂದ್ರ ಆ ಸುತ್ತಿನ ಉದ್ದ 31ನ್ನ ಭಾಗಿಸಬೇಕು. 31 ಅವಿಭಾಜ್ಯ, ಹಂಗಾಗಿ ಉದ್ದ 1 ಇಲ್ಲಾ 31. ಉದ್ದ 1 ಅಂದ್ರ ಒಂದರ ಎರಡರಷ್ಟು ಒಂದೇ ಅಂದಂಗ ಆಯ್ತು, ಅದು ಆಗದ ಮಾತು. ಉಳಿದದ್ದು 31. ಈಗ 1ರಿಂದ ಕ − 1ರ ತನಕ ಇರೋ ಅಷ್ಟೂ ಸಂಖ್ಯೆ 31ರ ಸುತ್ತುಗಳಾಗಿ ಹಂಚಿಹೋಗಬೇಕು. ಅಂದ್ರ ಕ − 1 ಅನ್ನೋದು 31ರ ಗುಣಕ. ನಮ್ಮ ಸಂಖ್ಯೆ ಬೆಸ, ಅದರ ಭಾಜಕ ಕ ಸಹ ಬೆಸ, ಕ − 1 ಸಮ. ಹಂಗಾಗಿ 62ರ ಗುಣಕ. ಹತ್ತನೇ ಕ್ಲಾಸಿನ ಮಕ್ಕಳಿಗೆ ಇದರಾಗ ತಿಳೀಲಾರದ್ದು ಏನೂ ಇಲ್ಲ.

46340ರ ಒಳಗ ಅಂಥವು, 1 ಬಿಟ್ಟು, 747 ಮಾತ್ರ: 63, 125, 187, 249, 311, 373 ಹಿಂಗ. ಇದರಾಗ 3, 5, 7ರ ಗುಣಕ ಹೊಡದು ಹಾಕ್ರಿ, ಯಾಕಂದ್ರ 3 ಭಾಗಿಸದ ಸಂಖ್ಯೆಯನ್ನ 3ರ ಗುಣಕ ಯಾವತ್ತೂ ಭಾಗಿಸೋದಿಲ್ಲ. ಆಮ್ಯಾಲ 11, 13ರ ಗುಣಕ ಸಹ ತಗೀರಿ. ಮುನ್ನೂರರ ಒಳಗ ಬರ್ತದ. 43 ಮಕ್ಕಳಿಗೆ ಹಂಚಿದ್ರ ತಲಾ ಏಳು ಭಾಗಾಕಾರ. ಚೀಟಿ ಮಾಡಿ ಡಬ್ಬಿಯಾಗ ಹಾಕ್ರಿ, ಬಂದವರು ಬಂದಂಗ ತಗೊಂಡು ಮಾಡ್ಲಿ.

ಆಯ್ಲರ್ ಇನ್ನೂ ಒಂದು ಜರಡಿ ಹಿಡಿದ. 2³¹ರ ಶೇಷ 1 ಇದ್ರ 2³²ರ ಶೇಷ 2. ಆದ್ರ 2³² ಅನ್ನೋದು 2¹⁶ರ ವರ್ಗ. ಹಂಗಾದ್ರ 2 ಅನ್ನೋ ಶೇಷ ಒಂದು ವರ್ಗದಿಂದ ಬಂದಂಗಾಯ್ತು. ಹಿಂಗ ಆಗೋದು 8ರಿಂದ ಭಾಗಿಸಿದಾಗ ಶೇಷ 1 ಇಲ್ಲಾ 7 ಬರೋ ಅವಿಭಾಜ್ಯ ಸಂಖ್ಯೆಗಳಿಗೆ ಮಾತ್ರ. ಎರಡೂ ನಿಯಮ ಕೂಡಿಸಿದ್ರ ಭಾಜಕವನ್ನ 248ರಿಂದ ಭಾಗಿಸಿದಾಗ ಶೇಷ 1 ಇಲ್ಲಾ 63 ಬರಬೇಕು. 747 ಇದ್ದದ್ದು 373ಕ್ಕ ಇಳೀತದ. 311 ಆದ ಮ್ಯಾಲ ನೋಡಬೇಕಾದ ಮುಂದಿನ ಅವಿಭಾಜ್ಯ ಸಂಖ್ಯೆ ನೇರ 1303, ನಡುವಿನವು ಎಲ್ಲಾ ಉದುರಿಹೋಗ್ತಾವ.

ಗಂಗಾವತಿಯವರು ಒಂದುಗಳ ಸಾಲು ಹೇಳ್ಯಾರಲ್ಲ, ಅದೂ ನಮ್ಮ ಸಂಖ್ಯೆಯೂ ಒಂದೇ ಮನೆತನದವು. 2³¹ − 1ನ್ನ ದ್ವಿಮಾನ ಪದ್ಧತಿಯೊಳಗ ಬರದ್ರ ಸಾಲಾಗಿ 31 ಒಂದು. ಸಾಲಿನ ಉದ್ದ ಅವಿಭಾಜ್ಯ ಇರಲೇಬೇಕು ಅನ್ನೋದು ಕಣ್ಣಿಗೇ ಕಾಣ್ತದ: 111111 = 111 × 1001. ಆರನ್ನ ಮೂರು ಮೂರಾಗಿ ಒಡೀಬಹುದು, ಸಂಖ್ಯೆಯೂ ಒಡೀತು. ಆದ್ರ ಉದ್ದ ಅವಿಭಾಜ್ಯ ಇದ್ದ ಮಾತ್ರಕ್ಕ ಸಂಖ್ಯೆ ಅವಿಭಾಜ್ಯ ಆಗಬೇಕಂತಿಲ್ಲ, ಮ್ಯಾಲಿನ 2047 ನೋಡ್ರಿ.

ಮರ್ಸೆನ್‌ನ 67ರ ಕತಿ ಸಹ ಮಕ್ಕಳಿಗೆ ಹೇಳಬಹುದು. 1876ರಾಗ ಲುಕಾಸ್ ಅದು ಅವಿಭಾಜ್ಯ ಅಲ್ಲ ಅಂತ ತೋರಿಸಿದ, ಆದ್ರ ಅಪವರ್ತನ ಸಿಗಲಿಲ್ಲ. 1903ರಾಗ ಅಮೆರಿಕದ ಕೋಲ್ ಕೊಟ್ಟ: 193707721 × 761838257287. ಗುಣಾಕಾರ ಮಾಡಿ 147573952589676412927 ಬರ್ತದೇನು ನೋಡಲಿಕ್ಕೆ ಒಬ್ಬ ಚುರುಕಿನ ಹುಡುಗನಿಗೆ ಒಂದು ಪಿರಿಯಡ್ ಸಾಕು.

ಗಣಿತ ಟೀಚರ್, ಕುಷ್ಟಗಿ ತಾಲ್ಲೂಕು

ಸರ, ನಿಮಗ ಹೆಂಗ ಥ್ಯಾಂಕ್ಸ್ ಹೇಳಲಿ ತಿಳೀವಲ್ದು. ಇವತ್ತ ಮಧ್ಯಾಹ್ನ ಊಟದ ಮ್ಯಾಲ ಅಂಗಳದಾಗ ಸುತ್ತು ಕಟ್ಟಿಸಿದೆ. ಎರಡನೇ ಸುತ್ತು ತಾನಾಗೇ ಕೂಡಿದಾಗ ಮಕ್ಕಳು ಹೋ ಅಂತ ಕೂಗಿದರು. 23ರ ಬದಲಿಗೆ 31 ತಗೊಂಡ್ರ ಹೆಂಗ ಅಂತ ಒಬ್ಬ ಹುಡುಗ ಕೇಳಿದ. ಮಾಡಿ ನೋಡು ಅಂದೆ. 1, 2, 4, 8, 16, ಮತ್ತ 1. ಐದೈದರ ಆರು ಸುತ್ತು. 2⁵ − 1 = 31, ಅದಕ್ಕ ಐದು ಅಂತ ಅವನೇ ಹೇಳಿದ.

ಆಮ್ಯಾಲ 311 ನಾನೇ ಭಾಗಿಸಿ ನೋಡಿದೆ. ಭಾಗಲಬ್ಧ 6905092, ಶೇಷ 35.

ಎರಡು ಸಂಶಯ ಅದಾವ ಸರ. ಒಂದು, ಆ 8ರ ನಿಯಮ ಹತ್ತನೇ ಕ್ಲಾಸಿಗೆ ಸಾಧಿಸಿ ತೋರಿಸಾಕ ಆಗತೈತೇನ್ರಿ? ಎರಡನೇದ್ದು ನನಗ ಹೆಚ್ಚಿನ ಚಿಂತಿ: ಮುನ್ನೂರು ಭಾಗಾಕಾರದಾಗ ಒಂದು ಹುಡುಗ ತಪ್ಪು ಮಾಡಿದ್ರ ಇಡೀ ಸಾಧನೆ ಬಿದ್ದು ಹೋಗತೈತಿ. ಅದನ್ನ ಹಿಡಿಯೂದು ಹೆಂಗ?

ನಿವೃತ್ತ ಉಪನ್ಯಾಸಕ, ರಾಯಚೂರು

ತಂಗೀ, ಮೊದಲನೇದಕ್ಕ ಉತ್ತರ ಸಣ್ಣದು. 8ರ ನಿಯಮದ ಸಾಧನೆ ಅದ, ಆದ್ರ ಅದಕ್ಕ ಇನ್ನೊಂದಿಷ್ಟು ತಯಾರಿ ಬೇಕು, ಹತ್ತನೇ ಕ್ಲಾಸಿಗೆ ಒಂದು ವಾರದಾಗ ಆಗೋದಿಲ್ಲ. ಅದನ್ನ ಬಿಟ್ಟು 747ರ ದಾರಿ ಹಿಡೀರಿ. ಕೆಲಸ ಇಮ್ಮಡಿ ಆಗ್ತದ, ಆದ್ರ ಮಕ್ಕಳಿಗೆ ತಿಳೀಲಾರದ್ದು ಒಂದೂ ಒಳಗ ಬರೋದಿಲ್ಲ.

ಎರಡನೇದ್ದು ದೊಡ್ಡ ಪ್ರಶ್ನೆ, ಅದನ್ನ ನೀವು ಕೇಳಿದ್ದು ಭಾಳ ಛಲೋ ಆಯ್ತು. ಪ್ರತಿ ಚೀಟಿ ಇಬ್ಬರ ಕೈಯಾಗ ಹೋಗಬೇಕು, ಇಬ್ಬರೂ ಬೇರೆ ಬೇರೆ ದಾರಿಯಿಂದ ಮಾಡಬೇಕು. ಒಬ್ಬರು ನೀವು ಮಾಡಿದಂಗ ನೇರ ಭಾಗಾಕಾರ. ಇನ್ನೊಬ್ಬರು ದೊಡ್ಡ ಸಂಖ್ಯೆ ಮುಟ್ಟೋದೇ ಬ್ಯಾಡ, ಶೇಷಗಳನ್ನೇ ಗುಣಿಸ್ತಾ ಹೋಗಲಿ. 311ಕ್ಕ ಮಾಡಿ ತೋರಿಸ್ತೀನಿ. 2¹⁰ = 1024, 311ರಿಂದ ಭಾಗಿಸಿದ್ರ ಶೇಷ 91. 2²⁰ಕ್ಕ 91 × 91 = 8281, ಶೇಷ 195. 2³⁰ಕ್ಕ 195 × 91 = 17745, ಶೇಷ 18. 2³¹ಕ್ಕ ಅದರ ಎರಡರಷ್ಟು, 36. ಒಂದು ಕಳದ್ರ 35. ನಿಮ್ಮ ಶೇಷನೂ 35. ಎರಡು ದಾರಿಯೊಳಗ ಒಂದೇ ಉತ್ತರ ತಪ್ಪಾಗಿ ಬರೋ ಸಂಭವ ಇಲ್ಲ ಅಂದ್ರೂ ನಡೀತದ.

ನೇರ ಭಾಗಿಸಿದವರು ಒಂಬತ್ತರ ತಾಳೆ ಸಹ ನೋಡಲಿ. ನಮ್ಮ ಸಂಖ್ಯೆಯ ಅಂಕಿ ಕೂಡಿಸಿದ್ರ 46, ಮತ್ತ ಕೂಡಿಸಿದ್ರ 10, ಮತ್ತ 1. 311ಕ್ಕ 5, ಭಾಗಲಬ್ಧ 6905092ಕ್ಕ 31, ಅಂದ್ರ 4. ಐದ್ನಾಲ್ಕಲೆ ಇಪ್ಪತ್ತು, ಅಂದ್ರ 2. ಶೇಷ 35ಕ್ಕ 8. ಎರಡು ಎಂಟು ಹತ್ತು, ಅಂದ್ರ 1. ತಾಳೆ ಬಂತು. ಎರಡು ಅಂಕಿ ಹಿಂದ ಮುಂದ ಬರದಿದ್ರ ಈ ತಾಳೆಗೆ ಗೊತ್ತಾಗೋದಿಲ್ಲ, ಅದಕ್ಕೇ ಎರಡನೇ ದಾರಿ ಬಿಡಬ್ಯಾಡ್ರಿ.

ಇನ್ನೊಂದು ಸೂಚನೆ. 31ಕ್ಕ ಕೈ ಹಾಕೋ ಮೊದಲು 2²⁹ − 1 ಮಾಡಿಸ್ರಿ, ಕತಾಲ್ದಿ ತಪ್ಪಿದ್ದು. ಅದಕ್ಕ 58ರ ಲೆಕ್ಕ: 59, 117, 175, 233. ನಾಲ್ಕನೇದ್ದಕ್ಕೇ ಸಿಕ್ಕಿಬೀಳ್ತದ, 536870911 = 233 × 1103 × 2089. ಜರಡಿ ಹಿಡೀತದ ಅಂತ ಮಕ್ಕಳು ಕಣ್ಣಾರೆ ನೋಡಿದ ಮ್ಯಾಲ, 31ರಾಗ ಒಂದೂ ಸಿಗಲಿಲ್ಲ ಅನ್ನೋದಕ್ಕ ತೂಕ ಬರ್ತದ.

ಲ್ಯಾಬ್ ಹುಡುಗ, ಬಳ್ಳಾರಿ

ಸರ್, 2147483647 ಅಂದ ಕೂಡಲೇ ನಾನು ಎದ್ದು ಕೂತೆ. ನಮ್ಮ ಕಡೆ ಪ್ರತಿದಿನ ನೋಡೋ ಸಂಖ್ಯೆ ಇದು. ಬಿಟ್ ಅಂದ್ರೆ 0 ಇಲ್ಲಾ 1 ಹಿಡಿಸೋ ಒಂದು ಮನೆ. 32 ಬಿಟ್‌ನಲ್ಲಿ ಒಂದು ಬಿಟ್ ಧನ ಋಣ ಚಿಹ್ನೆಗೆ ಹೋದ್ರೆ ಉಳಿಯೋದು 31. ಆ 31ರಲ್ಲೂ ಒಂದೇ ತುಂಬಿದ್ರೆ ಇದೇ ಸಂಖ್ಯೆ, ಅದಕ್ಕಿಂತ ದೊಡ್ಡದು ಹಿಡಿಸಲ್ಲ. ಹಳೇ ಕಂಪ್ಯೂಟರ್‌ಗಳು ಕಾಲವನ್ನ 1970ರ ಜನವರಿ 1ರಿಂದ ಸೆಕೆಂಡ್ ಎಣಿಸಿ ಇಟ್ಟುಕೊಳ್ತವೆ. ಆ ಎಣಿಕೆ ಈ ಸಂಖ್ಯೆ ಮುಟ್ಟೋದು ನಮ್ಮ ಗಡಿಯಾರದಲ್ಲಿ 2038ರ ಜನವರಿ 19, ಮಂಗಳವಾರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್‌ಗೆ. ಆಮೇಲೆ 32 ಬಿಟ್‌ನಲ್ಲೇ ಉಳಿದಿರೋ ಎಣಿಕೆ ಋಣಕ್ಕೆ ತಿರುಗಿ 1901ಕ್ಕೆ ಹೋಗಿಬಿಡುತ್ತೆ. ಅದಕ್ಕೇ ಎಲ್ಲ ಕಡೆ 64 ಬಿಟ್‌ಗೆ ಬದಲಾಯಿಸ್ತಾ ಇದಾರೆ.

ಅದು ಅವಿಭಾಜ್ಯ ಆಗಿರೋದ್ರಿಂದಲೂ ಒಂದು ಉಪಯೋಗ ಇದೆ. 16807ರಿಂದ ಗುಣಿಸಿ ಈ ಸಂಖ್ಯೆಯ ಶೇಷ ತಗೊಳ್ತಾ ಹೋದ್ರೆ 1ರಿಂದ 2147483646ರ ತನಕ ಎಲ್ಲ ಸಂಖ್ಯೆಯೂ ಒಂದೊಂದು ಸಲ ಬಂದು ಆಮೇಲೇ ಮರಳಿ ಸುರುವಾಗುತ್ತೆ. ಕಂಪ್ಯೂಟರ್‌ನಲ್ಲಿ ಯಾದೃಚ್ಛಿಕ ಸಂಖ್ಯೆ ಹುಟ್ಟಿಸೋಕೆ ಇದನ್ನ ಬಹಳ ವರ್ಷ ಬಳಸಿದಾರೆ. ನಿಮ್ಮ ಸುತ್ತಿನ ಆಟವೇ ಅದು, ಇಲ್ಲಿ ಇನ್ನೂರ ಹದಿನಾಲ್ಕು ಕೋಟಿ ಮಕ್ಕಳಿಗೂ ಸೇರಿ ಒಂದೇ ಸುತ್ತು.

ನಿವೃತ್ತ ಉಪನ್ಯಾಸಕ, ರಾಯಚೂರು

ತಮ್ಮಾ, ಛಲೋ ಹೇಳಿದಿ. 1811ರಾಗ ಇಂಗ್ಲೆಂಡಿನ ಪೀಟರ್ ಬಾರ್ಲೋ ಈ ಸಂಖ್ಯೆಯಿಂದ ಹುಟ್ಟೋ ಪರಿಪೂರ್ಣ ಸಂಖ್ಯೆ (ತನ್ನನ್ನ ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕ ಸಮ ಇರೋದು) ಬಗ್ಗೆ, ಅಂದ್ರ 2³⁰ × (2³¹ − 1) = 2305843008139952128, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಯಾರೂ ಹುಡುಕಲಾರರು, ಯಾಕಂದ್ರ ಉಪಯೋಗ ಇಲ್ಲದ್ದು ಅನ್ನೋ ಅರ್ಥದಾಗ ಬರದಿದ್ದ. 1876ಕ್ಕ ಲುಕಾಸ್ 2¹²⁷ − 1 ಅವಿಭಾಜ್ಯ ಅಂತ ತೋರಿಸಿದ, 39 ಅಂಕಿಯದು, ಅದೂ ಕೈಲೆಕ್ಕದಿಂದ. ಜೋಡಿಗೆ ಅದರ ಪರಿಪೂರ್ಣ ಸಂಖ್ಯೆಯೂ ಸಿಕ್ಕಿತು.

ಗಣಿತ ಟೀಚರ್, ಕುಷ್ಟಗಿ ತಾಲ್ಲೂಕು

ಸರ, 8ರ ನಿಯಮ ಬಿಟ್ಟೆ. 747ರದ್ದೇ ಪಟ್ಟಿ ಮಾಡಿಸ್ತೀನಿ. 63ರಿಂದ ಸುರು ಮಾಡಿ 62 ಕೂಡಿಸ್ತಾ ಹೋಗೂದು ಎಂಟನೇ ಕ್ಲಾಸಿನವರಿಗೆ ಕೊಟ್ಟೀನಿ, 3, 5, 7, 11, 13ರ ಗುಣಕ ಹೊಡಿಯೂದು ಒಂಬತ್ತನೇ ಕ್ಲಾಸಿನವರಿಗೆ. ಭಾಗಾಕಾರ ಹತ್ತನೇ ಕ್ಲಾಸಿನವರದು, ಇಬ್ಬಿಬ್ಬರು, ನೀವು ಹೇಳಿದಂಗ ಎರಡು ದಾರಿ. ಪ್ರತಿ ಚೀಟಿ ಮ್ಯಾಲ ಭಾಜಕ, ಭಾಗಲಬ್ಧ, ಶೇಷ, ಮಾಡಿದ ಇಬ್ಬರ ಸಹಿ. ಶೇಷ ಹೊಂದದ ಚೀಟಿ ಮತ್ತ ಡಬ್ಬಿಗೆ.

ಬಳ್ಳಾರಿ ತಮ್ಮಾ, 51ರ ಲೆಕ್ಕ ನಾಳೆ ಬೆಳಗಿನ ಪಿರಿಯಡ್‌ನೊಳಗ ಮಾಡಸ್ತೀನಿ. ಸಿಂಧನೂರು ಅಣ್ಣಾ, 73939ರ ತನಕ ಒಂಬತ್ತನೇ ಕ್ಲಾಸಿಗೆ ಇಟ್ಟೀನಿ. ಸೋಮವಾರದಿಂದ 2²⁹ − 1. ಅದು ಮುಗಿದ ಮರುದಿನ 2³¹ − 1.